ಕಲ್ಲಿನ ಮುಂದೆ ಹಾಜರಿ

ದಿನಾಂಕ 1 ಮೇ 2002, ಬುಧವಾರ. ಬೆಳಗಿನ ಐದೂವರೆ. ಸ್ಥಳ: ಚೆಕ್ ದೇಶದ ಒಂದು ಸಣ್ಣ ಪಟ್ಟಣ, ಯೋಸೆಫನ ಅಡುಗೆಮನೆ. ಹಾಜರಿದ್ದವರು: ನಾನು, ನನ್ನ ಹೆಂಡತಿ ಕಮಲಾ, ಮನೆಯ ಯಜಮಾನ ಯೋಸೆಫ್. ಅವನ ಬೆಕ್ಕು ಒಳಗೆ ಬಂತು, ನಮ್ಮನ್ನು ನೋಡಿ ಹೊರಗೆ ಹೋಯಿತು.

ಹೀಗೆ ಬರೆಯುವುದು ನನಗೆ ರೂಢಿ. ಪಿಂಪ್ರಿಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಹಾಜರಿ ಬರೆದವನು ನಾನು. ಯಾರು ಎಷ್ಟು ಹೊತ್ತಿಗೆ ಗೇಟಿನೊಳಗೆ ಬಂದರು, ಯಾರು ಬರಲಿಲ್ಲ, ಇಷ್ಟೇ ನನ್ನ ಕೆಲಸ. ನಿವೃತ್ತಿಯಾಗಿ ಆರು ವರ್ಷವಾದರೂ ಎದ್ದ ಕೂಡಲೇ ದಿನಾಂಕ, ಹೊತ್ತು, ಎದುರಿಗಿರುವವರ ಹೆಸರು ಬರೆಯದಿದ್ದರೆ ನನಗೆ ಚಹಾ ರುಚಿಸುವುದಿಲ್ಲ.

ಯೋಸೆಫ್ ಯಾರೆಂದು ಹೇಳಬೇಕು. ಎಪ್ಪತ್ತರ ದಶಕದಲ್ಲಿ ನಮ್ಮ ಕಾರ್ಖಾನೆಗೆ ಅವನ ದೇಶದಿಂದ ತಗಡು ಒತ್ತುವ ಒಂದು ದೊಡ್ಡ ಪ್ರೆಸ್ ಬಂತು. ಅದರ ಭಾಗಗಳನ್ನು ಜೋಡಿಸಿ, ನಡೆಸಿ ತೋರಿಸಿ ಹೋಗಲು ಬಂದ ಫಿಟ್ಟರ್ ಅವನು. ಇಪ್ಪತ್ತು ತಿಂಗಳು ಪಿಂಪ್ರಿಯಲ್ಲಿದ್ದ. ಗೆಸ್ಟ್ ಹೌಸಿನ ಊಟ ಅವನಿಗೆ ಹಿಡಿಸಲಿಲ್ಲ. ಒಂದು ದಿನ ನನ್ನ ಡಬ್ಬಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತಿಂದ. ಅಲ್ಲಿಂದ ಮುಂದೆ ಪ್ರತಿ ರವಿವಾರ ಚಿಂಚವಾಡದ ನಮ್ಮ ಎರಡು ಖೋಲಿಯ ಮನೆಗೆ ಊಟಕ್ಕೆ ಬಂದ, ಕಮಲಾಳನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯತೊಡಗಿದ. ಪ್ರೆಸ್ಸಿನ ಹತ್ತಿರ ಕೆಲಸ ಮಾಡುವವರಿಂದ ಹಿಂದಿ ಮರಾಠಿ ಎರಡನ್ನೂ ಒಟ್ಟಿಗೆ ಕಲಿತು ಒಟ್ಟಿಗೇ ಆಡುತ್ತಿದ್ದ. ಈಗಲೂ ಹಾಗೆಯೇ ಆಡುತ್ತಾನೆ. ಅದನ್ನು ನಾನು ಇಲ್ಲಿ ನಮ್ಮ ಮನೆಯ ಮಾತಿನಲ್ಲಿ ಬರೆಯುತ್ತೇನೆ.

ಆ ಬೆಳಿಗ್ಗೆ ಅವನು ಮೂರು ಸಲ ಚಹಾ ಮಾಡಿದ. ಮೂರು ಸಲವೂ ಸಕ್ಕರೆ ಮರೆತ.

"ಭಾವುಜಿ, ಇವತ್ತ ನಿಮ್ಮ ಲಕ್ಷ್ಯ ಎಲ್ಲೆದ?" ಎಂದು ಕಮಲಾ ಕೇಳಿದಳು.

"ವೈನಿ, ಇವತ್ತ ನಮ್ಮ ಅಕ್ಕನ ಊರಿಗೆ ಹೋಗೂದದ. ಮೇ ಒಂದರ ಸಭಾ ಇರ್ತದ ಅಲ್ಲೆ," ಎಂದ.

ಮೇ ಒಂದರ ಸಭೆ ಎಂದರೆ ನನಗೆ ಒಂದೇ ಅರ್ಥ. ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಪೆಟ್ಟಿಗೆಯಿಂದ ಕೆಂಪು ರಿಬ್ಬನ್ನು ತೆಗೆದು ಪಿನ್ನಿನಿಂದ ಜೇಬಿನ ಮೇಲೆ ಚುಚ್ಚಿಕೊಂಡೆ. ನಮ್ಮ ಕಾರ್ಖಾನೆಯ ಸಂಘದ ರಿಬ್ಬನ್ನು ಅದು. ಆ ದಿನ ಅದನ್ನು ಹಾಕದೆ ನಾನು ಮನೆಯ ಹೊಸ್ತಿಲು ದಾಟಿದ್ದಿಲ್ಲ. ಹೊರಗೆ ಚಳಿಯಿತ್ತು. ಮೇಲೆ ಕೋಟು ತೊಟ್ಟೆ. ಕೋಟಿನ ಗುಂಡಿ ಹಾಕಿದ ಮೇಲೆ ರಿಬ್ಬನ್ನು ನನಗೇ ಮರೆತುಹೋಯಿತು.

ಅದರ ಹಿಂದಿನ ಮೂರು ದಿನ

ಯೋಸೆಫ್ ಕರೆದನೆಂದು ಹೊರಟ ನಮಗೆ ಪ್ರಾಗಿನ ವಿಮಾನ ನಿಲ್ದಾಣದಲ್ಲಿಯೇ ಮೊದಲ ತೊಂದರೆ. ಕಮಲಾಳ ಚೀಲದಲ್ಲಿ ಮರಾಠಿ ಪೇಪರಿನಲ್ಲಿ ಸುತ್ತಿದ ನಲವತ್ತು ಕಟಕ ರೊಟ್ಟಿಗಳಿದ್ದವು. ಅವುಗಳಿಗೆ ಯಾರೂ ಏನೂ ಅನ್ನಲಿಲ್ಲ. ಗುರೆಳ್ಳು ಚಟ್ನಿಪುಡಿಯ ಡಬ್ಬಿ ತೆರೆದ ಅಧಿಕಾರಿ ಅದರ ಕಪ್ಪು ಬಣ್ಣ ನೋಡಿ ಮೂಸಿದ, ಸೀನಿದ, ತನ್ನ ಮೇಲಿನವನನ್ನು ಕರೆದ. ಮೇಲಿನವನು ಕೈಗವಸು ಹಾಕಿಕೊಂಡು ಬಂದ. ನಾನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟೆ. ಅಷ್ಟರಲ್ಲಿ ಕಮಲಾ ಒಂದು ಚಿಟಿಕೆ ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು, ಇನ್ನೊಂದು ಚಿಟಿಕೆ ಅವನ ಗವಸಿನ ಮೇಲೆ ಇಟ್ಟಳು. ಅವನು ನೆಕ್ಕಿದ. ಕಣ್ಣಲ್ಲಿ ನೀರು ಬಂತು. ಕೆಮ್ಮುತ್ತಲೇ ಕೈ ಬೀಸಿ ಮುಂದೆ ಹೋಗಲು ಹೇಳಿದ.

"ಮೊಸರಿಲ್ಲದ ಕೊಟ್ಟದ್ದು ನನ್ನ ತಪ್ಪಾತು ನೋಡ್ರಿ," ಎಂದಳು ಕಮಲಾ.

ಈ ಜನರ ಶಿಸ್ತು ನನಗೆ ಹಿಡಿಸಿತು. ಮನೆಯೊಳಗೆ ಬೂಟು ತರುವುದಿಲ್ಲ. ಬಾಗಿಲ ಪಕ್ಕದಲ್ಲಿ ಅತಿಥಿಗಳಿಗೆಂದೇ ಬಟ್ಟೆಯ ಚಪ್ಪಲಿಗಳ ಸಾಲು ಇರುತ್ತದೆ, ಅಳತೆಯ ಪ್ರಕಾರ. ರಸ್ತೆಯಲ್ಲಿ ಒಂದು ಗಾಡಿಯೂ ಇಲ್ಲದಿದ್ದರೂ ಸಿಗ್ನಲ್ ಹಸಿರಾಗುವ ತನಕ ನಿಂತೇ ಇರುತ್ತಾರೆ. ಮೊದಲ ದಿನ ಖಾಲಿ ರಸ್ತೆಯ ಬದಿಗೆ ಹತ್ತು ಜನರೊಂದಿಗೆ ನಾವೂ ನಿಂತೆವು. ನನಗೆ ಸಮಾಧಾನವಾಯಿತು. ಕಮಲಾಳಿಗೆ ಆಗಲಿಲ್ಲ.

"ಶಿವಾಜಿನಗರದಾಗ ಹಿಂಗ ನಿಂತ್ರ ಮುಂದಿನ ಸೋಮವಾರ ಆಕಡೆ ಮುಟ್ಟತೀವಿ," ಎಂದಳು.

ಅವರ ಊಟದಲ್ಲಿ ನಮಗೆ ಸೇರಿದ್ದು ಹಬೆಯಲ್ಲಿ ಬೇಯಿಸಿದ ಒಂದು ಹಿಟ್ಟಿನ ಉಂಡೆ. ಉದ್ದಕ್ಕೆ ಮಾಡಿ ಬೇಯಿಸುತ್ತಾರೆ. ಚಾಕುವಿನಿಂದ ಕೊಯ್ದರೆ ಅಮುಕುತ್ತದೆಂದು ದಾರ ಸುತ್ತಿ ಎಳೆದು ಬಿಲ್ಲೆ ಮಾಡುತ್ತಾರೆ. ಯೋಸೆಫ್ ಹಾಗೆ ಮಾಡುವುದನ್ನು ಕಮಲಾ ಬಗ್ಗಿ ನೋಡಿದಳು.

"ಕಡಬು ಮಾಡೂದು ಬರ್ತದ ಇವ್ರಿಗೆ. ಹೂರಣ ಅಷ್ಟ ಮರತಾರ," ಎಂಬುದು ಅವಳ ತೀರ್ಪು.

ಯೋಸೆಫ್ ನಕ್ಕ. ಮೂರು ದಿನಗಳಲ್ಲಿ ಅವನು ಪೂರ್ತಿ ನಕ್ಕದ್ದು ಅದೊಂದೇ ಸಲ. ಅವನ ಹೆಂಡತಿ ತೀರಿ ನಾಲ್ಕು ವರ್ಷವಾಗಿದೆ. ಅದಕ್ಕಾಗಿ ಮಂಕಾಗಿದ್ದಾನೆ ಎಂದುಕೊಂಡೆ. ನನ್ನ ಎಣಿಕೆ ತಪ್ಪಿತ್ತು.

ಏಳು ಹತ್ತರ ರೈಲು

ಏಳು ಹತ್ತರ ರೈಲು ಏಳು ಹತ್ತಕ್ಕೇ ಹೊರಟಿತು. ಎರಡೇ ಡಬ್ಬಿ. ಒಳಗೆ ಎಂಟು ಹತ್ತು ಜನ, ಯಾರೂ ಮಾತಾಡುತ್ತಿರಲಿಲ್ಲ. ನಮ್ಮ ಲೋಣಾವಳಾ ಲೋಕಲ್ಲಿನಲ್ಲಿ ದೇಹೂರೋಡ್ ಬರುವುದರೊಳಗೆ ಎದುರಿಗೆ ಕೂತವನಿಗೆ ಮಕ್ಕಳೆಷ್ಟು, ಮಗಳಿಗೆ ವರ ಗೊತ್ತಾಯಿತೋ ಇಲ್ಲವೋ ತಿಳಿದಿರುತ್ತದೆ. ಇಲ್ಲಿ ಎರಡು ತಾಸು ಎದುರುಬದುರು ಕೂತರೂ ಕಿಟಕಿಯನ್ನೇ ನೋಡುತ್ತಾರೆ.

ಮೂರನೆಯ ನಿಲ್ದಾಣ ದಾಟಿದ ಮೇಲೆ ಯೋಸೆಫ್ ಮಾತು ತೆಗೆದ. ಪಿಂಪ್ರಿಯ ಹಿಂದಿ ಆ ಡಬ್ಬಿಯಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ಆದರೂ ಅವನು ದನಿ ತಗ್ಗಿಸಿದ.

"ಕಟ್ಟಿ ಸಾಹೇಬ್, ನಮ್ಮಪ್ಪನ ವಿಷಯ ನಾ ನಿಮಗ ಏನ್ ಹೇಳಿದ್ದೆ?"

"ನೀ ಸಣ್ಣವ ಇದ್ದಾಗ ಜಡ್ಡಿನಾಗ ಹೋದ್ರು ಅಂತ ಹೇಳಿದ್ದಿ."

"ಸುಳ್ಳು."

ಅವನು ಹೇಳಿದ್ದರ ಸಾರ ಹೀಗೆ. ಅವನ ಅಪ್ಪನಿಗೆ ಊರ ಹೊರಗೆ ಹಿಟ್ಟಿನ ಗಿರಣಿಯೊಂದಿತ್ತು. ಐವತ್ತರ ದಶಕದ ಮೊದಲಲ್ಲಿ ಎಲ್ಲವೂ ಸರಕಾರದ್ದಾಗಬೇಕು ಎಂದಾಗ ಗಿರಣಿಯ ಕೀಲಿಕೈ ಕೊಡಲು ಅಪ್ಪ ಒಪ್ಪಲಿಲ್ಲ. ಧಾನ್ಯ ಬಚ್ಚಿಟ್ಟಿದ್ದಾನೆಂದು ಹಿಡಿದುಕೊಂಡು ಹೋದರು. ಹತ್ತು ವರ್ಷ ಶಿಕ್ಷೆಯಾಯಿತು. ಯುರೇನಿಯಂ ಗಣಿಗೆ ಕಳಿಸಿದರು. ಮೂರನೆಯ ಚಳಿಗಾಲದಲ್ಲಿ ಒಂದು ಕಾಗದ ಬಂತು, ಸತ್ತಿದ್ದಾನೆ ಎಂದು. ಹೆಣ ಕೊಡಲಿಲ್ಲ. ಎಲ್ಲಿ ಹೂತರೆಂದು ಇವತ್ತಿಗೂ ಗೊತ್ತಿಲ್ಲ. ಅಪ್ಪನನ್ನು ಹಿಡಿದುಕೊಂಡು ಹೋದಾಗ ಯೋಸೆಫನಿಗೆ ಹತ್ತು ವರ್ಷ, ಅಕ್ಕ ಮಾರಿಯೆಗೆ ಹದಿನಾರು. ಅವಳನ್ನು ಶಾಲೆಯಿಂದ ತೆಗೆದು ಹಾಲಿನ ಡೈರಿಯಲ್ಲಿ ಕ್ಯಾನು ತೊಳೆಯಲು ಹಚ್ಚಿದರು. ಅವಳು ಕೊನೆಯವರೆಗೂ ಅಲ್ಲಿಯೇ ಕ್ಯಾನು ತೊಳೆದಳು.

"ನೀನು?" ಎಂದೆ.

"ನನಗ ತಾಂತ್ರಿಕ ಶಾಲಿ ಬೇಕಾಗಿತ್ತು. ಒಂದು ಫಾರ್ಮ್ ಇತ್ತು. ನಮ್ಮಪ್ಪ ಮಾಡಿದ್ದು ತಪ್ಪು, ಅವಗೂ ನನಗೂ ಸಂಬಂಧ ಇಲ್ಲ ಅಂತ ಬರದು ಸಹಿ ಮಾಡ್ಬೇಕು. ಮಾಡಿದೆ. ಹದಿನೆಂಟು ವರ್ಷ ಆಗಿತ್ತು ನನಗ. ಮುಂದ ಇನ್ನೊಮ್ಮೆ ಮಾಡಿದೆ."

"ಎರಡನೇ ಸಲ ಯಾಕ?"

"ಪಾಸ್‌ಪೋರ್ಟಿಗೆ. ಭಾರತಕ್ಕ ಪ್ರೆಸ್ ಕೂಡಸ್ಲಿಕ್ಕ ಯಾರ್ ಹೋಗ್ತೀರಿ ಅಂದ್ರು. ನಾ ಕೈ ಎತ್ತಿದೆ. ಮೊದಲನೇ ಸಲ ಹೆದರಿಕಿ ಇತ್ತು ಸಾಹೇಬ್. ಎರಡನೇ ಸಲ ಯಾರೂ ಹೆದರಸಲಿಲ್ಲ. ಆನೀ ನೋಡ್ಬೇಕಂತ ಆಸೆ ಇತ್ತು, ಅಷ್ಟ."

ಕಮಲಾ ನನ್ನ ಕಡೆ ನೋಡದೆ ಅವನಿಗೇ ಹೇಳಿದಳು:

"ಅಂದ್ರ ನಮ್ಮ ಮನಿಗೆ ಊಟಕ್ಕ ಬರ್ಲಿಕ್ಕ ಅಪ್ಪನ್ನ ಬಿಟ್ಟು ಬಂದಿದ್ರಿ."

"ಹೌದು ವೈನಿ."

ಆ ಎರಡನೆಯ ಸಹಿ ಅಕ್ಕನಿಗೆ ಗೊತ್ತಾಯಿತು. ಅಲ್ಲಿಂದ ಅವರಿಬ್ಬರ ಮಾತು ನಿಂತಿತು. ಕಮ್ಯುನಿಸ್ಟ್ ಸರಕಾರ ಹೋದ ಮೇಲೆ ಮಾರಿಯೆ ಮತ್ತು ಊರಿನ ಕೆಲವು ಮನೆಯವರು ಸೇರಿ ಒಂದು ಕಲ್ಲು ನಿಲ್ಲಿಸಿದರು. ಹಾಗೆ ಒಯ್ದು ಸತ್ತವರ ಹೆಸರುಗಳು ಅದರ ಮೇಲಿವೆ. ಪ್ರತಿ ಮೇ ಒಂದಕ್ಕೆ ಅದರ ಮುಂದೆ ಸೇರುತ್ತಾರೆ. ಬೇರೆ ದಿನ ಯಾಕಲ್ಲ ಎಂದು ಕೇಳಿದೆ.

"ನಲವತ್ತು ವರ್ಷ ಆ ದಿನ ಊರವರನ್ನ ಸಾಲಾಗಿ ನಿಲ್ಲಿಸಿ ನಗಸ್ಯಾರ, ಈಗ ಆ ದಿನಾನ ನಮ್ಮದು ಅಂತಾಳ ಅಕ್ಕ," ಎಂದ ಯೋಸೆಫ್. ಆ ನಲವತ್ತೂ ವರ್ಷ ಅವನು ಕೈಯಲ್ಲಿ ಸಣ್ಣ ಧ್ವಜ ಹಿಡಿದು ಮೆರವಣಿಗೆಯಲ್ಲಿ ನಡೆದವನು. ಪಿಂಪ್ರಿಯಲ್ಲಿದ್ದ ಒಂದು ಮೇ ಒಂದರಂದು ಮಾತ್ರ ನಮ್ಮ ಮೆರವಣಿಗೆಯಲ್ಲಿ ನಡೆದ. ಅದು ನನಗೆ ನೆನಪಿದೆ. ಬಿಸಿಲಿಗೆ ತಲೆಸುತ್ತು ಬಂದು ಕುಸಿದಿದ್ದ.

ಕಲ್ಲಿನ ಹತ್ತಿರ ಅವನು ಒಮ್ಮೆಯೂ ಹೋಗಿರಲಿಲ್ಲ. ಈ ವರ್ಷ ಭಾರತದಿಂದ ಅತಿಥಿಗಳು ಬರುತ್ತಾರೆ, ಅವರ ಜೊತೆ ನಾನೂ ಬರಲೇ ಎಂದು ಅಕ್ಕನಿಗೆ ಪತ್ರ ಬರೆದ. ಉತ್ತರ ಒಂದೇ ಸಾಲು: ಅತಿಥಿಗಳನ್ನು ಕರೆದುಕೊಂಡು ಬಾ. ಅವನು ಬರಬಹುದೋ ಬಾರದೋ ಅದರಲ್ಲಿರಲಿಲ್ಲ.

"ಕಲ್ಲಿನ ಮುಂದ ಒಂದ್ಸಲ ಅಪ್ಪನ ಹೆಸರು ಬಾಯಿಲೆ ಹೇಳ್ಬೇಕು ಸಾಹೇಬ್. ಅಕ್ಕ ಹೇಳಗೊಡ್ತಾಳೋ ಇಲ್ಲೋ ಗೊತ್ತಿಲ್ಲ. ಹೊರದೇಶದವರ ಮುಂದ ಬೈಯಲಾರಳು ಅಂತ ನಿಮ್ಮನ್ನ ಕರಕೊಂಡು ಹೊಂಟೀನಿ. ಸಿಟ್ಟಾಗಬ್ಯಾಡ್ರಿ."

ನಾನು ಸಿಟ್ಟಾಗಲಿಲ್ಲ. ಮೊದಲೇ ಹೇಳಬೇಕಿತ್ತು ಎಂದು ಮಾತ್ರ ಹೇಳಿದೆ.

ಹೂಬಿಟ್ಟ ಮರ

ನಿಲ್ದಾಣದಿಂದ ಊರಿಗೆ ಒಂದೂವರೆ ಮೈಲು ನಡಿಗೆ. ದಾರಿಯ ಎರಡೂ ಬದಿಗೆ ಚೆರ್ರಿ ಮರಗಳು, ಮೈತುಂಬ ಬಿಳಿ ಹೂವು. ಚಿಂಚವಾಡದಲ್ಲಿ ಈ ದಿನ ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಬೆಳಿಗ್ಗೆ ಮರಾಠಿ ರಾಜ್ಯ ಹುಟ್ಟಿದ ದಿನವೆಂದು ಶಾಲೆಯಲ್ಲಿ ಒಂದು ಧ್ವಜ, ಕಾರ್ಮಿಕರ ದಿನವೆಂದು ಗೇಟಿನಲ್ಲಿ ಇನ್ನೊಂದು. ಮಕ್ಕಳು ಪರೀಕ್ಷೆಯ ಫಲಿತಾಂಶದ ಕಾಗದ ಹಿಡಿದು ಓಡಾಡುತ್ತಿರುತ್ತಾರೆ. ಇಲ್ಲಿ ಉಸಿರು ಬಿಟ್ಟರೆ ಹೊಗೆ.

ಒಂದು ಮರದ ಕೆಳಗೆ ಹರೆಯದ ಗಂಡು ಹೆಣ್ಣು ಮುತ್ತು ಕೊಟ್ಟುಕೊಳ್ಳುತ್ತಿದ್ದರು. ಸ್ವಲ್ಪ ಮುಂದೆ ಇನ್ನೊಂದು ಜೋಡಿ. ನಾನು ಕಣ್ಣು ತಗ್ಗಿಸಿ ನಡೆದೆ. ಅಷ್ಟರಲ್ಲಿ ಬೇಲಿಯ ಆಚೆಯಿಂದ ಒಬ್ಬ ಮುದುಕ ನನ್ನನ್ನೇ ಕರೆದು ಏನೋ ಕೂಗಿದ.

"ಏನಂತಾನ?"

"ಇವತ್ತ ಹೂಬಿಟ್ಟ ಗಿಡದ ಕೆಳಗ ಹೆಂಡ್ತಿಗೆ ಮುತ್ತು ಕೊಡ್ಬೇಕಂತ. ಕೊಡದಿದ್ರ ಆಕಿ ವರ್ಷ ತುಂಬೂದ್ರಾಗ ಒಣಗಿ ಹೋಗ್ತಾಳಂತ," ಎಂದ ಯೋಸೆಫ್. "ನಮ್ಮಲ್ಲಿ ಹಂಗ ಪದ್ಧತಿ ಅದ."

"ನಾ ಒಣಗಿ ಹದಿನೈದು ವರ್ಷಾತು. ಇನ್ನೇನ್ ಒಣಗೂದದ, ನಡೀರಿ ಸುಮ್ನ," ಎಂದು ಕಮಲಾ ಸೆರಗು ಎಳೆದುಕೊಂಡು ಮುಂದೆ ನಡೆದಳು.

ಮರದ ಕೆಳಗೆ ಒಂದು ಸಣ್ಣ ಚರಂಡಿ ಇತ್ತು. ನಾನು ಅವಳ ಕೈ ಹಿಡಿದು ದಾಟಿಸಿದೆ. ಮುದುಕನಿಗೆ ಅಷ್ಟು ಸಾಲಲಿಲ್ಲ. ತಲೆ ಅಲ್ಲಾಡಿಸಿ ಒಳಗೆ ಹೋದ.

ಕಲ್ಲು

ಕಲ್ಲು ಊರ ಹೊರಗೆ ಹುಲ್ಲಿನ ಬಯಲಿನಲ್ಲಿದೆ. ಎದೆಯೆತ್ತರದ, ಕೆತ್ತದ ಕಲ್ಲು. ಒಂದು ಮುಖವನ್ನು ಮಾತ್ರ ನುಣುಪು ಮಾಡಿ ಹದಿನಾಲ್ಕು ಹೆಸರು ಕೊರೆದಿದ್ದಾರೆ. ಎದುರಿಗೆ ಮರದ ಬೆಂಚುಗಳು. ಬಂದವರು ಮೂವತ್ತೆರಡು ಜನ, ನಮ್ಮನ್ನು ಬಿಟ್ಟು. ಹೆಚ್ಚಿನವರು ನನ್ನ ವಯಸ್ಸಿನವರು. ಬಾವುಟವಿಲ್ಲ, ಮೈಕು ಇಲ್ಲ.

ಮಾರಿಯೆ ಎತ್ತರದ ಹೆಂಗಸು, ಅರವತ್ತಾರು ವರ್ಷ. ಕೈಗಳು ದೊಡ್ಡವು, ಬೆರಳ ಗಂಟುಗಳು ಉಬ್ಬಿವೆ. ಕಮಲಾಳ ಎರಡೂ ಕೈ ಹಿಡಿದು ಮಾತಾಡಿಸಿದಳು. ನನಗೆ ಕೈ ಕೊಟ್ಟಳು. ತಮ್ಮನಿಗೆ ಕೈ ಕೊಡಲಿಲ್ಲ. ಏನೋ ಹೇಳಿದಳು. ಯೋಸೆಫ್ ನಮ್ಮ ಕಡೆ ತಿರುಗಿದ.

"ನೀ ಬಂದದ್ದು ಇವ್ರಿಗೆ ಮಾತು ತಿಳಿಸಿ ಹೇಳ್ಲಿಕ್ಕ. ಅದನ್ನಷ್ಟ ಮಾಡು ಅಂದ್ಲು."

"ಮತ್ತ?"

"ನನ್ನ ಬಗ್ಗೆ ಇನ್ನೂ ಏನೇನೋ ಅಂದ್ಲು. ಅದನ್ನೂ ಹೇಳ್ಲೇನು?"

"ಎಲ್ಲಾ ಹೇಳಬೇಕಲ್ಲ, ಅದ ನಿನ್ನ ಕೆಲಸ," ಎಂದೆ. ಅವನು ಹೇಳಿದ. ತನ್ನನ್ನು ಬೈದ ಮಾತುಗಳನ್ನು ಒಂದೂ ಬಿಡದೆ, ಇನ್ಯಾರನ್ನೋ ಬೈದಂತೆ ಅನುವಾದ ಮಾಡಿದ. ಅದನ್ನು ಇಲ್ಲಿ ಬರೆಯುವುದಿಲ್ಲ.

ಗಾಳಿ ಬೀಸುತ್ತಿತ್ತು. ಕಮಲಾ ನಡುಗುತ್ತಿದ್ದಳು. ನಾನು ಕೋಟು ಕಳಚಿ ಅವಳಿಗೆ ಹೊದಿಸಿದೆ.

ಮಾರಿಯೆಯ ಕಣ್ಣು ನನ್ನ ಜೇಬಿನ ಮೇಲೆ ನಿಂತಿತು. ಸುತ್ತಲಿನವರೂ ನೋಡಿದರು. ಕೆಂಪು ರಿಬ್ಬನ್ನು, ಅದರ ಮೇಲೆ ಹಳದಿ ಅಕ್ಷರ. ಅಕ್ಷರ ಅವರಿಗೆ ತಿಳಿಯದು, ಬಣ್ಣ ತಿಳಿಯಿತು. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಎದ್ದು ನಿಂತ. ಯೋಸೆಫನ ಈ ಒಂದು ದಿನವನ್ನು ನಾನು ಹಾಳು ಮಾಡಿದೆ ಎಂದು ಆ ಕ್ಷಣ ನನಗೆ ಗೊತ್ತಾಯಿತು.

"ಇದನ್ನ ಹಾಕ್ಕೋರಿ ಅಂತ ನಿಮಗ ಯಾರ್ ಹೇಳಿದ್ರು, ಅಂತ ಕೇಳ್ತಾಳ," ಎಂದ ಯೋಸೆಫ್.

ಸುಳ್ಳು ಹೇಳಬಹುದಿತ್ತು. "ಯಾರೂ ಹೇಳಿಲ್ಲ. ನಾನ ಹಾಕ್ಕೋತೀನಿ. ನಮ್ಮ ಪ್ರೆಸ್ಸಿಗೆ ಮೊದಲ ಜಾಳಿಗಿ ಇರ್ಲಿಲ್ಲ, ಜನರ ಬೆರಳು ಸಿಕ್ಕು ತುಂಡಾಗ್ತಿದ್ವು. ಈ ರಿಬ್ಬನ್ ಹಾಕಿದವರು ಗೇಟಿನ ಮುಂದ ಕೂತು ಜಾಳಿಗಿ ಹಾಕಿಸಿದ್ರು. ಅದಕ್ಕ ಹಾಕ್ಕೋತೀನಿ ಅಂತ ಹೇಳು," ಎಂದೆ.

ಅವನು ಹೇಳಿದ. ಅವಳು ಕೇಳಿಸಿಕೊಂಡಳು.

"ಆ ಹೊತ್ತು ನಿಮ್ಮ ಕೆಲಸ ಏನಿತ್ತು, ಅಂತಾಳ."

"ಹಾಜರಿ ಬರೀತಿದ್ದೆ."

"ಮೇ ಒಂದರದ್ದೂ?"

"ಮೇ ಒಂದರದ್ದೂ."

ಇದಕ್ಕೆ ಮಾರಿಯೆ ನಕ್ಕಳು. ದೊಡ್ಡದಾಗಿಯೇ ನಕ್ಕಳು. ಆಮೇಲೆ ನನ್ನ ಕಣ್ಣು ನೋಡುತ್ತಾ ನಿಧಾನವಾಗಿ ಮಾತಾಡಿದಳು. ಯೋಸೆಫ್ ತುಂಡು ತುಂಡಾಗಿ ಹೇಳಿದ: "ಡೈರಿಯಾಗ ನಮ್ಮಲ್ಲೂ ಒಬ್ಬಾವ ಇದ್ದ. ನಾ ಒಂದು ವರ್ಷನೂ ಮೆರವಣಿಗಿಗೆ ಹೋಗ್ಲಿಲ್ಲ. ಅವ ಪ್ರತಿ ವರ್ಷ ನನ್ನ ಹೆಸರಿನ ಮುಂದ ಒಂದು ಗೆರಿ ಎಳೀತಿದ್ದ. ಆ ಗೆರಿ ಮ್ಯಾಲಿನವರ ಕಡೆ ಹೋಗ್ತಿತ್ತು. ಅದಕ್ಕ ನನ್ನ ಮಗಳಿಗೆ ಕಾಲೇಜ್ ಸಿಗಲಿಲ್ಲ. ಅವ ಭಾಳ ಸಭ್ಯ ಮನಶ್ಯಾ ಇದ್ದ. ಒಂದ ಒಂದು ಗೆರಿ ಜಾಸ್ತಿ ಹಾಕಿದಾವ ಅಲ್ಲ."

ನಾನೂ ಗೆರೆ ಎಳೆದಿದ್ದೇನೆ. ಮೇ ಒಂದರಂದು ಸಂಘದ ಧ್ವಜಕ್ಕೆ ಗೇಟಿಗೆ ಬಾರದವರ ಹೆಸರಿನ ಮುಂದೆ ಒಂದು ಅಡ್ಡಗೆರೆ. ಪಟ್ಟಿ ಸಂಘದ ಕಚೇರಿಗೆ ಹೋಗುತ್ತಿತ್ತು. ಅಲ್ಲಿ ಅದನ್ನು ಏನು ಮಾಡುತ್ತಾರೆಂದು ನಾನು ಕೇಳಲಿಲ್ಲ. ನಾಲ್ಕು ಗೆರೆ ಬಿದ್ದ ಒಬ್ಬ ವೆಲ್ಡರ್, ಕಾಲೊನಿಯಲ್ಲಿ ಮನೆ ಹಂಚುವ ಪಟ್ಟಿಯಲ್ಲಿ ಕೆಳಗೆ ಹೋದದ್ದು ಗೊತ್ತು. ಅವನು ಭೋರ್ ಕಡೆಯವನು. ರಜೆಯೆಂದು ಆ ದಿನ ತಾಯಿಯನ್ನು ನೋಡಲು ಊರಿಗೆ ಹೋಗುತ್ತಿದ್ದ. ಅಲ್ಲಿಯದೂ ಇಲ್ಲಿಯದೂ ಒಂದೇ ಎಂದು ನಾನು ಹೇಳುವುದಿಲ್ಲ. ನಮ್ಮಲ್ಲಿ ಯಾರೂ ಗಣಿಗೆ ಹೋಗಿ ಸಾಯಲಿಲ್ಲ, ಯಾರೂ ಅಪ್ಪನನ್ನು ಬಿಟ್ಟೆನೆಂದು ಬರೆದುಕೊಡಲಿಲ್ಲ. ಆದರೆ ಗೆರೆ ಎಳೆಯುವಾಗ ನನ್ನ ಕೈಗೆ ಯಾವ ಭಾರವೂ ಇರಲಿಲ್ಲ. ಆ ಡೈರಿಯವನಿಗೂ ಇದ್ದಿರಲಾರದು.

ಇದಿಷ್ಟನ್ನೂ ಯೋಸೆಫನಿಗೆ ಹೇಳಿದೆ. ವೆಲ್ಡರನ ವಿಷಯವನ್ನೂ ಹೇಳಿದೆ. ಅವನು ಅನುವಾದಿಸಿದ.

ಆಗ ಕಮಲಾ ಮುಂದೆ ಬಂದಳು. "ರೀ, ಆ ಪಿನ್ನು ಕೊಡ್ರಿ ಇಲ್ಲೆ. ಗಾಳಿಗೆ ನಿರಗಿ ಹಾರ್ಲಿಕತ್ತಾವ, ಇಷ್ಟು ಜನರ ಮುಂದ ನನ್ನ ಮಾನ ಹೋಗ್ತದ," ಎಂದು ತಾನೇ ಕೈ ಹಾಕಿ ಪಿನ್ನು ಬಿಚ್ಚಿದಳು. ಪಿನ್ನನ್ನು ತನ್ನ ಸೀರೆಯ ನಿರಿಗೆಗೆ ಹಾಕಿದಳು, ರಿಬ್ಬನ್ನನ್ನು ಮಡಚಿ ಪರ್ಸಿನೊಳಗೆ ಹಾಕಿದಳು. ಹೆಂಗಸರು ಮುಸಿಮುಸಿ ನಕ್ಕರು. ಎದ್ದು ನಿಂತಿದ್ದವನು ಕೂತ. ಮಾರಿಯೆ ಕಮಲಾಳನ್ನು ಮುಂದಿನ ಬೆಂಚಿನಲ್ಲಿ ಕೂಡಿಸಿದಳು. ನನಗೆ ಕೊನೆಯ ಬೆಂಚು ತೋರಿಸಿದಳು. ಯೋಸೆಫ್ ಬಂದು ನನ್ನ ಪಕ್ಕದಲ್ಲಿ ಕೂತ.

ಹತ್ತೂವರೆಗೆ ಸಭೆ ಆರಂಭವಾಯಿತು. ಭಾಷಣ ಇರಲಿಲ್ಲ. ಅವರ ಪದ್ಧತಿ ಒಂದೇ. ಮಾರಿಯೆ ಕಾಗದ ಹಿಡಿದು ಕಲ್ಲಿನ ಪಕ್ಕದಲ್ಲಿ ನಿಂತು ಒಂದೊಂದೇ ಹೆಸರು ಕರೆಯುತ್ತಾಳೆ. ಆ ಮನೆಯವರು ಯಾರಾದರೂ ಒಬ್ಬರು ಎದ್ದು, ಸತ್ತವನ ಪರವಾಗಿ 'ಇದ್ದೇನೆ' ಎನ್ನುತ್ತಾರೆ. ಆಕೆ ಪೆನ್ಸಿಲಿನಿಂದ ಗುರುತು ಹಾಕುತ್ತಾಳೆ. ಮನೆಯವರು ಯಾರೂ ಉಳಿಯದಿದ್ದ ಹೆಸರಿಗೆ ಎಲ್ಲರೂ ಸೇರಿ ಉತ್ತರಿಸುತ್ತಾರೆ.

ನನಗೆ ಭಾಷೆ ಬಾರದು. ಆದರೆ ಹಾಜರಿ ಯಾವ ಭಾಷೆಯಲ್ಲಿ ಕರೆದರೂ ನನಗೆ ತಿಳಿಯುತ್ತದೆ. ಅವಳು ಚೆನ್ನಾಗಿ ಕರೆಯುತ್ತಿದ್ದಳು. ಅವಸರವಿಲ್ಲ, ಎಳೆತವಿಲ್ಲ, ಉತ್ತರ ಬರುವ ತನಕ ಕಣ್ಣು ಕಾಗದದಿಂದ ಎತ್ತುವುದಿಲ್ಲ. ಎಂಟು ಹೆಸರು ಹೋದವು.

"ಮುಂದಿನದು ಅಪ್ಪಂದು," ಎಂದ ಯೋಸೆಫ್. "ಪ್ರತಿ ವರ್ಷ ಅಕ್ಕ ತಾನ ಕರದು ತಾನ ಉತ್ತರ ಕೊಡ್ತಾಳಂತ. ಊರವರು ಹೇಳ್ಯಾರ."

ಮಾರಿಯೆ ಹೆಸರು ಕರೆದಳು.

ಉತ್ತರ ಬರಲಿಲ್ಲ. ಅವಳು ಕಾಗದ ನೋಡುತ್ತಾ ನಿಂತಳು. ಬೆಂಚಿನಲ್ಲಿ ಕೂತವರು ಒಬ್ಬರನ್ನೊಬ್ಬರು ನೋಡಿದರು. ಕಮಲಾ ಹಿಂದೆ ತಿರುಗಿ ನನ್ನನ್ನು ನೋಡಿದಳು. ಯೋಸೆಫ್ ತನ್ನ ಬೂಟು ನೋಡುತ್ತಿದ್ದ. ಅಕ್ಕನಿಗೆ ಗಂಟಲು ಕಟ್ಟಿತೆಂದು ಅವನು ತಿಳಿದಿದ್ದ. ನನಗೆ ಹಾಗನಿಸಲಿಲ್ಲ. ಕರೆಯುವವರ ಗಂಟಲು ಕಟ್ಟಿದರೆ ಕಾಗದ ಅಲ್ಲಾಡುತ್ತದೆ. ಇವಳ ಕಾಗದ ಅಲ್ಲಾಡಲಿಲ್ಲ.

ಅವಳು ಎರಡನೆಯ ಸಲ ಕರೆದಳು. ಮೊದಲಿನಷ್ಟೇ ದನಿಯಲ್ಲಿ.

ಟೈಮ್ ಆಫೀಸಿನ ಕ್ರಮ ಎಲ್ಲ ಕಡೆ ಒಂದೇ. ಎರಡು ಸಲ ಕರೆಯುತ್ತಾರೆ. ಮೂರನೆಯದಿಲ್ಲ, ಗೆರೆ ಬೀಳುತ್ತದೆ. ಪೆನ್ಸಿಲು ಕಾಗದದ ಮೇಲೆ ಬಂದಿತ್ತು.

ನಾನು ಮೊಣಕೈಯಿಂದ ಯೋಸೆಫನ ಪಕ್ಕೆಗೆ ತಿವಿದೆ. "ಏಳು. ಹಜೇರಿ ನಿಂದು. ನಿನ್ನನ್ನ ಕರೀಲಿಕತ್ತಾಳ," ಎಂದೆ.

ಅವನು ಎದ್ದ. ಬೆಂಚು ಸದ್ದು ಮಾಡಿತು. ಅವರ ಭಾಷೆಯ ಆ ಒಂದು ಮಾತು ಅವನ ಬಾಯಿಂದ ಸರಿಯಾಗಿ ಹೊರಡಲಿಲ್ಲ. ಕೆಮ್ಮಿ, ಇನ್ನೊಮ್ಮೆ ಹೇಳಿದ. ಎರಡನೆಯ ಸಲ ಎಲ್ಲರಿಗೂ ಕೇಳಿಸಿತು.

ಮಾರಿಯೆ ತಲೆ ಎತ್ತಲಿಲ್ಲ. ಗುರುತು ಹಾಕಿದಳು. ಹತ್ತನೆಯ ಹೆಸರು ಕರೆದಳು.

ಬೆಂಚುಗಳು

ಆಮೇಲೆ ಕಾಫಿ ಕೊಟ್ಟರು. ಪುಡಿಯ ಗಷ್ಟು ಲೋಟದ ತಳದಲ್ಲೇ ಬಿಡುತ್ತಾರೆ, ಸೋಸುವುದಿಲ್ಲ. ಗೊತ್ತಿಲ್ಲದೆ ಪೂರ್ತಿ ಕುಡಿದ ನಾನು ಬಹಳ ಹೊತ್ತು ಹಲ್ಲು ತಿಕ್ಕಿಕೊಂಡೆ. ಕಮಲಾ ನಾಲ್ಕು ಹೆಂಗಸರಿಗೆ ಚಟ್ನಿಪುಡಿ ಹಂಚಿದಳು, ಈ ಸಲ ಅವರ ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಉದುರಿಸಿ. ಯಾರೂ ಕೆಮ್ಮಲಿಲ್ಲ. ಒಬ್ಬಳು ಇನ್ನಷ್ಟು ಕೇಳಿದಳು.

ಮಾರಿಯೆ ತಮ್ಮನ ಹತ್ತಿರ ಬರಲಿಲ್ಲ. ಅವನೂ ಅವಳ ಹತ್ತಿರ ಹೋಗಲಿಲ್ಲ. ಕಲ್ಲಿನ ಮುಂದೆ ಒಬ್ಬನೇ ನಿಂತು ಒಂಬತ್ತನೆಯ ಹೆಸರಿನ ಮೇಲೆ ಬೆರಳು ಆಡಿಸಿದ. ಅಕ್ಷರಗಳ ಸಂದಿಯಲ್ಲಿ ಪಾಚಿ ಕೂತಿತ್ತು. ಜೇಬಿನಿಂದ ಕೀಲಿಕೈ ತೆಗೆದು ಅದನ್ನು ಕೆರೆದ. ಅದು ಫಿಟ್ಟರನ ಕೈ. ಒಂದೊಂದು ಅಕ್ಷರವನ್ನೂ ಚೊಕ್ಕ ಮಾಡಿದ.

ಮಧ್ಯಾಹ್ನ ಮೂರಕ್ಕೆ ಜನ ಚದುರಿದ ಮೇಲೆ ಬೆಂಚುಗಳನ್ನು ಊರಿನ ಅಗ್ನಿಶಾಮಕ ದಳದ ಶೆಡ್ಡಿಗೆ ಮುಟ್ಟಿಸುವ ಕೆಲಸ ಉಳಿಯಿತು. ಬೆಂಚು ಹನ್ನೊಂದು. ಶೆಡ್ಡು ನೂರೈವತ್ತು ಹೆಜ್ಜೆ. ಹಾಜರಿದ್ದವರು: ಮಾರಿಯೆ, ಬೆಳಿಗ್ಗೆ ಎದ್ದು ನಿಂತಿದ್ದ ಆ ಗೃಹಸ್ಥ, ಯೋಸೆಫ್, ನಾನು. ಕಮಲಾ ಲೋಟ ತೊಳೆಯುತ್ತಿದ್ದಳು. ನಾನೂ ಆ ಗೃಹಸ್ಥನೂ ಜೊತೆಯಾಗಿ ಆರು ಬೆಂಚು ಒಯ್ದೆವು. ಅವನು ಮೊದಲ ಬೆಂಚಿಗೆ ನನ್ನ ಕಡೆ ನೋಡಲಿಲ್ಲ. ಮೂರನೆಯದಕ್ಕೆ ನನಗೆ ಹಗುರವಾದ ತುದಿ ಬಿಟ್ಟುಕೊಟ್ಟ. ಯೋಸೆಫ್ ಒಬ್ಬನೇ ಒಂದೊಂದು ಬೆಂಚನ್ನು ಬೆನ್ನ ಮೇಲೆ ಹೊತ್ತು ನಾಲ್ಕು ಒಯ್ದ. ಅರವತ್ತು ವರ್ಷದವನು ಹಾಗೆ ಹೊರಬಾರದು ಎಂದೆ. ಕೇಳಲಿಲ್ಲ.

ಹನ್ನೊಂದನೆಯದು ಎಲ್ಲಕ್ಕಿಂತ ಉದ್ದ. ಅದನ್ನೂ ಅವನು ಬೆನ್ನಿಗೆ ಹಾಕಿಕೊಳ್ಳಲು ಬಗ್ಗಿದ. ಮಾರಿಯೆ ಬಂದು ಒಂದು ತುದಿ ಹಿಡಿದಳು. ಏನೋ ಹೇಳಿದಳು, ನಾಲ್ಕೈದು ಮಾತು. ನಾನು ಎಂದಿನಂತೆ ಯೋಸೆಫನ ಮುಖ ನೋಡಿದೆ. ಅವನು ಅನುವಾದಿಸಲಿಲ್ಲ. ನಾನೂ ಕೇಳಲಿಲ್ಲ. ಅವನು ಇನ್ನೊಂದು ತುದಿ ಹಿಡಿದ. ಅವಳು ಮುಂದೆ, ಅವನು ಹಿಂದೆ, ಹುಲ್ಲಿನಲ್ಲಿ ನಡೆದರು. ಅರ್ಧ ದಾರಿಯಲ್ಲಿ ಅವಳು ನಿಂತು ಕೈ ಬದಲಿಸಿದಳು. ಅವನೂ ಬದಲಿಸಿದ.

ಬೆಂಚು ಒಳಗೆ ಇಟ್ಟರು. ಬಾಗಿಲು ನಾನು ಎಳೆದೆ, ಬೀಗ ಅವಳು ಹಾಕಿದಳು. ಆಗ ನಾಲ್ಕು ಗಂಟೆ ಐದು ನಿಮಿಷ.